ಸಹಿ ಹಾಕುವ ಜಾಗ

ಬೆಳಿಗ್ಗೆ ಹತ್ತಕ್ಕೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆ ಮನುಷ್ಯ ಏನು ಮಾಡಬೇಕು ಎಂಬ ಪ್ರಶ್ನೆ ತಿಮ್ಮರಾಯಪ್ಪನಿಗೆ ಮೂವತ್ತೇಳನೆಯ ವಯಸ್ಸಿನಲ್ಲಿ ಎದುರಾಗಿತ್ತು. ಹದಿಮೂರು ವರ್ಷ ಆ ಪ್ರಶ್ನೆಯೇ ಇರಲಿಲ್ಲ. ಸಹಿ ಹಾಕುವುದು, ಸೆಕ್ಷನ್ನಿನ ಹಿರಿಯರಾದ ಸಂಜೀವಯ್ಯನವರ ಮೇಜಿಗೆ ಒರಗಿ ನಿಂತು ಅರ್ಧ ಲೋಟ ಕಾಫಿ ಕುಡಿಯುವುದು, ಬಾಗಿಲ ಹಿಂದೆ ನಿಲ್ಲಿಸಿದ್ದ ಹಾಕಿ ಸ್ಟಿಕ್ಕು ಎತ್ತಿಕೊಂಡು ಹೊರಡುವುದು. ಕೆಲಸಕ್ಕಿದ್ದ ಸರ್ಕಾರಿ ಮಂಡಳಿಯ ಹಾಕಿ ತಂಡದಲ್ಲಿ ಅವನು ಲೆಫ್ಟ್ ಔಟ್, ಮೈದಾನದ ಎಡಗಡೆಯ ಗೆರೆಗುಂಟ ಓಡುವವನು. ಅಂಥವನು ಕಚೇರಿಯಲ್ಲಿ ಕೂತರೆ ಮಂಡಳಿಗೇ ನಷ್ಟ ಎಂದು ಆಗಿನ ಸಾಹೇಬರೇ ಹೇಳುತ್ತಿದ್ದರು. ಈಗ ಒಂದು ವರ್ಷದಿಂದ ಎಡ ಮಂಡಿ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಹಾಗಾಗಿ ಜಯನಗರ ನಾಲ್ಕನೇ ಬ್ಲಾಕಿನ ಈ ಎರಡನೇ ಮಹಡಿಯಲ್ಲಿ, ಸೂಪರಿಂಟೆಂಡೆಂಟ್ ಎಂಬ ಹಲಗೆ ಇಟ್ಟ ಮೇಜಿನ ಹಿಂದೆ, ಸಂಜೆ ಐದರವರೆಗೆ ಕೂರಬೇಕು. ಕೂರುವುದೂ ಒಂದು ವಿದ್ಯೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೈ ಎಲ್ಲಿಡಬೇಕು ಎಂಬುದೇ ದೊಡ್ಡ ಫಜೀತಿಯಾಗಿತ್ತು. ಎದುರಿಗೆ ಟೈಪಿಸ್ಟ್ ಶಾಂತಾದೇವಿ ತಲೆ ಎತ್ತದೆ ಕುಟ್ಟುತ್ತಿದ್ದಳು; ಕಿಟಕಿ ಪಕ್ಕದಲ್ಲಿ ಸಂಜೀವಯ್ಯ ಒಂದು ಫೈಲಿನಿಂದ ಇನ್ನೊಂದು ಫೈಲಿಗೆ, ಅಲ್ಲಿಂದ ರಿಜಿಸ್ಟರಿಗೆ, ರಿಜಿಸ್ಟರಿನಿಂದ ಮತ್ತೆ ಮೊದಲನೆಯದಕ್ಕೆ ಹೋಗಿ ಬರುತ್ತಿದ್ದರು. ತಿಮ್ಮರಾಯಪ್ಪ ಒಂದು ಫೈಲು ತೆರೆದ. ಕೆಟ್ಟುಹೋದ ಮೋಟಾರುಗಳ ವಿಲೇವಾರಿಯ ಬಗ್ಗೆ ಯಾರೋ ಯಾರಿಗೋ ಬರೆದಿದ್ದರು. ಎರಡು ಸಲ ಓದಿದ. ಮೂರನೆಯ ಸಲ ಓದುವಾಗ, ತಾನು ಓದುತ್ತಿರುವುದನ್ನು ಶಾಂತಾದೇವಿ ನೋಡುತ್ತಿದ್ದಾಳೆ ಅನ್ನಿಸಿ ಹಾಳೆ ಮಗುಚಿದ.

ಹೋದ ವಾರ ಅವಳು ಒಂದು ಕಾಗದ ತಂದಿಟ್ಟು, "ಸಾರ್, ಇದಕ್ಕೆ ಪುಟ್ ಅಪ್ ಮಾಡಿ ಅಂತ ಬರೀಬೇಕು," ಎಂದಿದ್ದಳು. ಅವನು ಪೆನ್ನು ತೆರೆದು, ಎಲ್ಲಿ ಬರೆಯಬೇಕೋ ತಿಳಿಯದೆ, ಕಾಗದದ ನಟ್ಟನಡುವೆ ಬರೆದುಬಿಟ್ಟ. ಅವಳು ನಗಲಿಲ್ಲ. ಕಾಗದವನ್ನು ತೆಗೆದುಕೊಂಡು ಹೋಗಿ ಪೂರ್ತಿ ಮತ್ತೆ ಟೈಪು ಮಾಡಿ ತಂದು, "ಇಲ್ಲಿ ಸಾರ್, ಮಾರ್ಜಿನ್‌ನಲ್ಲಿ," ಎಂದು ಬೆರಳಿಟ್ಟು ತೋರಿಸಿದಳು. ನಕ್ಕಿದ್ದರೇ ವಾಸಿಯಿತ್ತು. ಮೈದಾನದಲ್ಲಿ ಚೆಂಡು ಬಿಟ್ಟರೆ ಗ್ಯಾಲರಿಯಿಂದ ತಾಯಿ ತಂಗಿ ಎಲ್ಲರನ್ನೂ ಸೇರಿಸಿ ಬೈಯುತ್ತಿದ್ದರು, ಅದರಲ್ಲಿ ಒಂದು ನಂಟಿತ್ತು. ಇಲ್ಲಿ ಯಾರೂ ಬೈಯುವುದಿಲ್ಲ. ತಪ್ಪು ಮಾಡಿದರೆ ತೆಪ್ಪಗೆ ತಿದ್ದಿ ತಂದು ಮುಂದಿಡುತ್ತಾರೆ.

ಹನ್ನೊಂದಕ್ಕೆ ರಾಮಪ್ರಸಾದ ಸಾಹೇಬರು ಕರೆಸಿದರು. ಅವರು ಈ ಕಚೇರಿಗೆ ಬಂದು ನಾಲ್ಕು ತಿಂಗಳಾಗಿತ್ತು. ಚುರುಕು ಮನುಷ್ಯ, ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ತಲೆಯಾಡಿಸುವವರು.

"ಬನ್ನಿ ಬನ್ನಿ ಲೆಫ್ಟ್ ಔಟ್, ಕೂತ್ಕೊಳ್ಳಿ. ಸಂಜೀವಯ್ಯನೋರ ಮನವಿ ಓದಿದ್ರಾ?"

"ಓದ್ದೆ ಸಾರ್," ಎಂದ. ಓದಿರಲಿಲ್ಲ. ಅಂಥದೊಂದು ಇದೆ ಎಂಬುದೇ ಗೊತ್ತಿರಲಿಲ್ಲ.

"ಎಂಬತ್ಮೂರು ಎಂಬತ್ನಾಲ್ಕನೇ ಸಾಲಿನ ಗುಪ್ತ ವರದೀಲಿ ಅವರ ಮೇಲೆ ಕೆಟ್ಟ ಷರಾ ಇದೆ. ನಲವತ್ಮೂರು ಫೈಲು ಬಾಕಿ ಉಳಿಸಿದಾರೆ, ಕೆಲಸ ನಿಧಾನ, ಪ್ರಮೋಷನ್‌ಗೆ ಯೋಗ್ಯರಲ್ಲ ಅಂತ. ಅದು ಅವರಿಗೆ ತಲುಪಿದ್ದೇ ಹೋದ ತಿಂಗಳು, ನಮ್ಮ ಆಫೀಸು ನಿಮಗೆ ಗೊತ್ತಲ್ಲ. ಈಗ ಮನವಿ ಕೊಟ್ಟಿದಾರೆ, ಆ ಫೈಲುಗಳು ನನ್ನ ಸೀಟಿಂದಲ್ಲ ಅಂತ. ಯಾರ ಸೀಟಿಂದು ಅಂತ ಮಾತ್ರ ಬರೆದಿಲ್ಲ, ನೋಡಿ."

ತಿಮ್ಮರಾಯಪ್ಪ ಕುರ್ಚಿಯಲ್ಲಿ ಎಡಗಾಲು ಚಾಚಲು ನೋಡಿದ. ಮಂಡಿ ಚುಳ್ಳೆಂದಿತು.

"ನೀವು ಸೆಕ್ಷನ್ ಹೆಡ್ಡು. ಯಾರ ಸೀಟಿಂದು ಅಂತ ನೀವು ಬರ್ಕೊಡಿ. ಅವರದಲ್ಲ ಅಂದ್ರೆ ಷರಾ ಹೊಡೆದುಹಾಕ್ತೀನಿ, ಅಷ್ಟೆ. ಕೆಲಸ ಜಾಸ್ತಿ ಇತ್ತು, ಜನ ಕಮ್ಮಿ ಇದ್ರು ಅಂತ ಪುರಾಣ ಬರೆದ್ರೆ ಮಾತ್ರ ನಾನೇನೂ ಮಾಡಕ್ಕಾಗಲ್ಲ, ಷರಾ ಇದ್ದಂಗೇ ಇರುತ್ತೆ. ಐದು ಗಂಟೆ ಒಳಗೆ ಕೊಡಿ. ನಾಳೆ ಪ್ರಮೋಷನ್ ಪಟ್ಟಿ ಹೆಡ್ ಆಫೀಸಿಗೆ ಹೋಗುತ್ತೆ. ಅವರಿಗೆ ಇನ್ನೆರಡೇ ವರ್ಷ ಸರ್ವಿಸ್ಸು, ಇದು ತಪ್ಪಿದ್ರೆ ಮುಗೀತು." ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ವಾಲಿ ನಕ್ಕರು. "ಎಪ್ಪತ್ತೊಂಬತ್ತರ ಫೈನಲ್ಲು ನಾನು ನೋಡಿದೀನಿ ಕಣ್ರೀ. ಆ ಕೊನೇ ಗೋಲು! ನನ್ನ ಮಗನಿಗೆ ಈಗ್ಲೂ ಹೇಳ್ತಿರ್ತೀನಿ, ನಮ್ಮ ಆಫೀಸಲ್ಲೇ ಇದಾರೆ ಅಂತ."

ಹೊಗಳಿಕೆ ಬಿಸಿ ಹಾಲಿನ ಹಾಗೆ ಒಳಗಿಳಿಯಿತು. ಇಂಥ ಹೊತ್ತಿನಲ್ಲೂ ಇಳಿಯಿತಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹೊರಗೆ ಬಂದು ನಡುಮನೆಯಂಥ ಆ ಹಜಾರದಲ್ಲಿ ನಿಂತ. ಆ ನಲವತ್ತಮೂರು ಫೈಲು ಯಾರ ಸೀಟಿನವು ಎಂದು ಹುಡುಕಬೇಕಾದ ಅಗತ್ಯವೇ ಇರಲಿಲ್ಲ. ಗೋಡೆಗೆ ಒರಗಿದ್ದ ಎರಡು ಕಬ್ಬಿಣದ ಬೀರುಗಳಲ್ಲಿ ಬಲಗಡೆಯದು ಸಂಜೀವಯ್ಯನವರದು, ಎಡಗಡೆಯದು ತನ್ನದು. ಎಡಬೀರುವಿನ ಬೀಗದ ಕೈಯನ್ನು ಕೆಲಸಕ್ಕೆ ಸೇರಿದ ವಾರವೇ ಸಂಜೀವಯ್ಯನವರ ಕೈಗೆ ಕೊಟ್ಟವನು ಮತ್ತೆ ಕೇಳಿರಲಿಲ್ಲ. ಎಪ್ಪತ್ತೊಂದರಲ್ಲಿ ಅದು. ಆಗ ಸಂಜೀವಯ್ಯನವರ ತಲೆಗೂದಲು ಕರ್ರಗಿತ್ತು. ಮೇಜಿನ ಗಾಜಿನ ಅಡಿಯಲ್ಲಿ ಆಗಲೂ ಅದೇ ಬುದ್ಧನ ಪಟವಿತ್ತು. "ನೀವು ಆಡಿ ಸಾರ್, ಇದನ್ನ ನಾನು ನೋಡ್ಕೋತೀನಿ," ಎಂದಿದ್ದರು. ಸಾರ್ ಎಂದು ಯಾಕೆ ಕರೆದರೋ. ಆಗ ಇವನು ಅವರಿಗಿಂತ ಎರಡು ಮೆಟ್ಟಿಲು ಕೆಳಗಿನ ಗುಮಾಸ್ತ, ವಯಸ್ಸಿನಲ್ಲಿ ಹತ್ತೊಂಬತ್ತು ವರ್ಷ ಚಿಕ್ಕವನು. ಪೇಪರಿನಲ್ಲಿ ಫೋಟೋ ಬಂದವನನ್ನು ಸಾರ್ ಅನ್ನದೆ ಇನ್ನೇನು ಅನ್ನುವುದು ಎಂದುಕೊಂಡರೇನೋ. ಅವನಿಗೂ ಅದು ಸರಿಯೆಂದೇ ತೋರಿತ್ತು.

ಸಹಿ ಬೇಕಾದ ಕಾಗದಗಳನ್ನೆಲ್ಲ ಸಂಜೀವಯ್ಯ ವಾರಕ್ಕೊಂದು ಸಲ ಒಟ್ಟು ಮಾಡಿ ಇಟ್ಟಿರುತ್ತಿದ್ದರು. ಪ್ರತಿ ಕಾಗದದಲ್ಲೂ ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸಣ್ಣ ಇಂಟು ಗುರುತು. ತಿಮ್ಮರಾಯಪ್ಪ ನಿಂತಲ್ಲೇ ಇಂಟು ಕಂಡಲ್ಲೆಲ್ಲ ಸಹಿ ಎಳೆಯುತ್ತಿದ್ದ, ಅವರು ಒಂದು ಕಡೆಯಿಂದ ರಬ್ಬರ್ ಹಿಡಿದು ಗುರುತನ್ನು ಅಳಿಸುತ್ತ ಬರುತ್ತಿದ್ದರು. ಇಪ್ಪತ್ತು ಕಾಗದಕ್ಕೆ ಎರಡು ನಿಮಿಷ. ನೋಡಿದವರು ಇಬ್ಬರೂ ಯಾವುದೋ ಆಟ ಆಡುತ್ತಿದ್ದಾರೆ ಎಂದುಕೊಳ್ಳಬೇಕು. ಆಟವೇ ಇರಬಹುದು. ಬೋರಣ್ಣನ ಜೊತೆಗೂ ಹಾಗೇ ಇತ್ತಲ್ಲ. ಬೋರಣ್ಣ ಇನ್‌ಸೈಡ್ ಲೆಫ್ಟು, ಪಕ್ಕದಲ್ಲೇ ಓಡುವವನು. ಎಪ್ಪತ್ತೊಂಬತ್ತರ ಫೈನಲಿನ ಆ ಕೊನೆಯ ಗೋಲಿನಲ್ಲಿ ಅರ್ಧ ಮೈದಾನ ಓಡಿ, ಇಬ್ಬರು ಬ್ಯಾಕುಗಳನ್ನೂ ಗೋಲ್‌ಕೀಪರನ್ನೂ ತನ್ನ ಮೈಮೇಲೆ ಎಳೆದುಕೊಂಡು, ಬೀಳುತ್ತ ಬೀಳುತ್ತ ಚೆಂಡನ್ನು ಎಡಕ್ಕೆ ತಳ್ಳಿದವನು ಬೋರಣ್ಣ. ಖಾಲಿ ಗೋಲಿನ ಮುಂದೆ ಇವನು ಸ್ಟಿಕ್ಕು ಇಟ್ಟ, ಅಷ್ಟೆ. ಮನೆಯ ಬೆಕ್ಕು ಮುಟ್ಟಿದ್ದರೂ ಒಳಗೆ ಹೋಗುತ್ತಿತ್ತು. ಮಾರನೆಯ ದಿನದ ಪೇಪರಿನಲ್ಲಿ ಇವನು ಕೈಯೆತ್ತಿ ನಿಂತ ಫೋಟೋ ಬಂತು, ಅಂಚಿನಲ್ಲಿ ಬೋರಣ್ಣನ ಮೊಣಕೈ ಮಾತ್ರ ಇತ್ತು. ಗೋಲು ಬರೆದುಕೊಳ್ಳುವವರ ಹಾಳೆಯಲ್ಲಿ ಪಾಸು ಕೊಟ್ಟವನಿಗೆ ಕಾಲಮ್ಮಿಲ್ಲ. ಪೆವಿಲಿಯನ್ನಿನಲ್ಲೇ ಛೇರ್ಮನ್ನರು ಇವನ ಬೆನ್ನು ತಟ್ಟಿ ಸೂಪರಿಂಟೆಂಡೆಂಟ್ ಮಾಡಿ ಎಂದರು, ಮಾಡಿದರು. ಅಲ್ಲಿಂದ ಸಂಜೀವಯ್ಯ ಇವನ ಕೈಕೆಳಗೆ ಬಂದರು. ಬೋರಣ್ಣ ಎರಡು ವರ್ಷದ ಮೇಲೆ ಕೆಲಸ ಬಿಟ್ಟು ತಲಘಟ್ಟಪುರದಲ್ಲಿ ಸೈಕಲ್ ಶಾಪ್ ಹಾಕಿದ. ಒಟ್ಟು ಇನ್ನೂರ ಹದಿನಾಲ್ಕು ಗೋಲು. ಲೀಗಿನಲ್ಲಿ ಎಡಗಡೆಯಿಂದ ಅಷ್ಟು ಹೊಡೆದವರಿಲ್ಲ ಎನ್ನುತ್ತಾರೆ. ಅದರಲ್ಲಿ ಬೋರಣ್ಣನ ಪಾಸು ಎಷ್ಟು ಎಂದು ತಿಮ್ಮರಾಯಪ್ಪ ಯಾವತ್ತೂ ಎಣಿಸಿರಲಿಲ್ಲ, ಇವತ್ತು ಎಣಿಸಹೊರಟರೆ ನೂರ ಮೂವತ್ತರ ಹತ್ತಿರ ಹೋಗಿ ನಿಲ್ಲುತ್ತಿತ್ತು.

ಕೂತ ಮೇಲೂ ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಸಂಜೀವಯ್ಯ ತಲೆ ಎತ್ತಿ ನೋಡಿ, "ಸಾಹೇಬ್ರು ಏನಂದ್ರು ಸಾರ್?" ಎಂದು ಕೇಳಿದರು.

"ಏನಿಲ್ಲ, ಹಾಕಿ ವಿಷಯ," ಎಂದ. ನಾಲಗೆ ತಾನಾಗಿಯೇ ಆಡಿತು. ಮಾರ್ಜಿನ್ನಿನಲ್ಲಿ ಬರೆಯಲು ಬಾರದವನಿಗೆ ಸುಳ್ಳು ಹೇಳಲು ಯಾರೂ ಕಲಿಸಬೇಕಾಗಿರಲಿಲ್ಲ.

ಮಧ್ಯಾಹ್ನ ಕ್ಯಾಂಟೀನಿಗೆ ಹೋಗಲಿಲ್ಲ. ಕ್ಯಾಂಟೀನೆಂದರೆ ಅವನಿಗೆ ಹೋದ ವರ್ಷದ ಒಂದು ಮಾತು ನೆನಪಾಗುತ್ತಿತ್ತು. ಅಕೌಂಟ್ಸಿನವನೊಬ್ಬ ಇಡ್ಲಿ ಮುರಿಯುತ್ತ, "ಸಂಜೀವಯ್ಯ ಸ್ಲೋ ಗುರು. ಕೋಟಾದಲ್ಲಿ ಬಂದೋರು, ಅಷ್ಟೇ ಬಿಡು," ಎಂದಿದ್ದ. ಇವನು ನಕ್ಕಿದ್ದ. ಜೋರಾಗಿಯಲ್ಲ, ಆದರೆ ನಕ್ಕಿದ್ದ. ತಾನೂ ಕೋಟಾದಲ್ಲೇ ಬಂದವನು, ಕ್ರೀಡಾಪಟುಗಳ ಕೋಟಾ. ಅದನ್ನು ಯಾರೂ ಆ ದನಿಯಲ್ಲಿ ಹೇಳುವುದಿಲ್ಲ ಎಂದು ಆಗ ಹೊಳೆಯಲಿಲ್ಲ. ಪರೀಕ್ಷೆ ಬರೆದು ಬಂದವರು ಸಂಜೀವಯ್ಯ. ಬೆಳಗಿಂದ ಸಂಜೆ ಏಳರವರೆಗೆ ಎರಡು ಬೀರು ನೋಡಿಕೊಂಡು, ಆಮೇಲೆ ಸಿದ್ದಾಪುರಕ್ಕೆ ನಡೆದೇ ಹೋಗುತ್ತಿದ್ದವರೂ ಅವರೇ. ಎರಡು ಬೀರು ಎಳೆಯುವ ಎತ್ತು ನಿಧಾನವಾಗದೆ ಏನಾಗುತ್ತದೆ?

ಊಟದ ಬದಲು ಅವನು ಕಾಂಪ್ಲೆಕ್ಸಿನ ಸುತ್ತ ಒಂದು ಸುತ್ತು ನಡೆದ. ಹೂವಿನವರು, ಬಾಳೆಹಣ್ಣಿನ ತಳ್ಳುಗಾಡಿ, ಮಳೆ ಬರುತ್ತದೋ ಇಲ್ಲವೋ ಎಂದು ಕೊಡೆ ಬಿಚ್ಚಿ ಮಡಚುತ್ತಿದ್ದ ಹೆಂಗಸರು. ಫುಟ್‌ಪಾತಿನ ಎಡ ಅಂಚಿನಲ್ಲೇ ನಡೆಯುತ್ತಿದ್ದೇನೆ ಎಂದು ಗೊತ್ತಾಗಿ ಬೇಕೆಂದೇ ನಡುವಿಗೆ ಬಂದ, ನಾಲ್ಕು ಹೆಜ್ಜೆಗೆ ಮತ್ತೆ ಅಂಚಿಗೆ ಹೋದ. ಅವನು ಹುಡುಗನಾಗಿದ್ದಾಗ ಸಾರಕ್ಕಿಯಲ್ಲಿ ತಮ್ಮ ಮನೆಯವರ ಹೊಲಗಳ ಮೇಲೆ ಬಡಾವಣೆಗೆ ರಸ್ತೆ ಎಳೆದಾಗ ಮನೆಗಳಿನ್ನೂ ಬಂದಿರಲಿಲ್ಲ. ನೇರ ಖಾಲಿ ರಸ್ತೆ, ಎರಡೂ ಕಡೆ ಸೈಟು ಕಲ್ಲು. ಅಪ್ಪ ಪಾಪಯ್ಯ ರಾಗಿ ಬಿತ್ತುತ್ತಿದ್ದ ನೆಲದ ಮೇಲೆ ಅವನು ಬೆಳಗಿನ ಜಾವ ಚೆಂಡು ತಳ್ಳಿಕೊಂಡು ಕಲ್ಲಿನಿಂದ ಕಲ್ಲಿಗೆ ಸುತ್ತುಹಾಕುತ್ತಿದ್ದ. ಅಪ್ಪ ಬೇಲಿಯ ಮೇಲೆ ಕೂತು ನೋಡುತ್ತಿದ್ದರು. ಹೊಲ ಹೋದ ದುಃಖಕ್ಕೋ, ಮಗನ ಓಟದ ಖುಷಿಗೋ, ಒಂದು ದಿನ ಅವರು, "ನೀನು ಕಲ್ಲು ಸುತ್ತೀಯ, ಅದನ್ನ ನೆಟ್ಟೋನು ಯಾರು ಅಂತ ನಿಂಗೇನು ಗೊತ್ತು," ಎಂದಿದ್ದರು. ನೆಟ್ಟವರು ಅಪ್ಪನೇ. ಬಡಾವಣೆಯ ಕಂಟ್ರಾಕ್ಟರ್ ಹತ್ತಿರ ಕೂಲಿಗೆ ಹೋಗಿ, ತನ್ನ ಹೊಲದಲ್ಲೇ ಗುಂಡಿ ತೋಡಿ, ಸೈಟು ಕಲ್ಲು ನೆಟ್ಟಿದ್ದರು. ಆ ಮಾತಿಗೆ ಆಗ ಏನು ಉತ್ತರ ಕೊಟ್ಟೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಚೆಂಡು ತಳ್ಳಿಕೊಂಡು ಹೋಗಿದ್ದ.

ಆಫೀಸಿನ ಮೆಟ್ಟಿಲ ಬುಡದಲ್ಲಿ ಒಂದು ಟ್ಯಾಕ್ಸಿ ನಿಂತಿತ್ತು. ಅದನ್ನು ನೋಡಿದ್ದೇ ತಡ, ಬೆಳಗಿನಿಂದ ಒಳಗೆ ತಡವರಿಸುತ್ತಿದ್ದದ್ದು ಸಿಕ್ಕಿಬಿಟ್ಟಿತು. ಎಂಬತ್ನಾಲ್ಕರ ಮಾರ್ಚ್. ಬೊಂಬಾಯಿಯ ಪಂದ್ಯಕ್ಕೆ ರೈಲಿಗೆ ಹೊತ್ತಾಗಿತ್ತು, ಟ್ಯಾಕ್ಸಿ ಇದೇ ಜಾಗದಲ್ಲಿ ಹಾರನ್ ಹೊಡೆಯುತ್ತಿತ್ತು. ಸಂಜೀವಯ್ಯ ಕೈಯಲ್ಲಿ ಏಳು ಫಾರಂ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲಿಳಿದು ಬಂದಿದ್ದರು. ಸೆಕ್ಷನ್ನಿನ ಏಳು ಜನರ ಗುಪ್ತ ವರದಿ, ಸೂಪರಿಂಟೆಂಡೆಂಟ್ ಸಹಿ ಹಾಕದೆ ಮುಂದೆ ಹೋಗದು. ಫಾರಂಗಳು ಖಾಲಿಯಿದ್ದವು. ಹೆಸರು ಮಾತ್ರ ಬರೆದಿತ್ತು, ಕೆಳಗೆ ಪೆನ್ಸಿಲಿನ ಇಂಟು.

"ಖಾಲಿ ಇದೆಯಲ್ಲ?" ಎಂದು ಇವನು ಕೇಳಿದ್ದ.

"ಸಾಹೇಬ್ರು ಆಮೇಲೆ ತುಂಬ್ಕೋತಾರಂತೆ ಸಾರ್. ನೀವು ಹೋಗಿ, ಗೆದ್ಕೊಂಡ್ ಬನ್ನಿ."

ಟ್ಯಾಕ್ಸಿಯ ಬಾನೆಟ್ಟಿನ ಮೇಲಿಟ್ಟು ಏಳಕ್ಕೂ ಸಹಿ ಎಳೆದ. ಮೂರನೆಯದರ ಮೇಲೆ ಸಂಜೀವಯ್ಯ ಎಂಬ ಹೆಸರಿತ್ತು, ಸಂಜೀವಯ್ಯನವರದೇ ಗುಂಡಗಿನ ಅಕ್ಷರದಲ್ಲಿ. ಅವನಿಗೆ ಅದು ಕಂಡಿತ್ತು. ಕಾಣಲಿಲ್ಲ ಎಂದು ಈಗ ಅಂದುಕೊಂಡರೆ ಅದು ಸುಳ್ಳು. ಬಾನೆಟ್ಟು ಬಿಸಿಯಿತ್ತು, ಕಾಗದ ಜಾರುತ್ತಿತ್ತು, ಸಂಜೀವಯ್ಯ ಒಂದು ಬೆರಳಿನಿಂದ ಕಾಗದದ ಅಂಚನ್ನು ಒತ್ತಿ ಹಿಡಿದುಕೊಂಡಿದ್ದರು. ಅದೇ ವಾರ ತಪಾಸಣೆಗೆ ಬಂದವರು ಎಡಬೀರುವಿನ ನಲವತ್ತಮೂರು ಫೈಲುಗಳನ್ನು ಸಂಜೀವಯ್ಯನವರ ಮೇಜಿನ ಮೇಲೆ ಕಂಡರು. ಕೆಲಸ ಮಾಡಲೆಂದು ಅವರು ತೆಗೆದಿಟ್ಟುಕೊಂಡಿದ್ದು. ಮೇಜು ಯಾರದೋ ಬಾಕಿ ಅವರದೇ. ಹಳೆಯ ಸಾಹೇಬರು ಖಾಲಿ ಫಾರಂನಲ್ಲಿ ಹಾಗೇ ತುಂಬಿದರು, ಕೆಳಗೆ ಇವನ ಸಹಿ ಮೊದಲೇ ಕಾದು ಕೂತಿತ್ತು. ಬೊಂಬಾಯಿಯಲ್ಲಿ ಇವನು ಎರಡು ಗೋಲು ಹೊಡೆದ, ಇನ್ನೂರ ಹದಿಮೂರು ಮತ್ತು ಇನ್ನೂರ ಹದಿನಾಲ್ಕು. ಎರಡನೆಯದು ಹೊಡೆದಾಗಲೇ ಮಂಡಿ ಹೋದದ್ದು.

ಸಂಕಟವಾಯಿತು. ಸಂಕಟವನ್ನು ಸಂಕಟ ಎಂದೇ ಹೇಳಬೇಕು, ಅದಕ್ಕೆ ಬೇರೆ ಹೆಸರಿಲ್ಲ. ಮೆಟ್ಟಿಲು ಹತ್ತಿ ಮೇಜಿಗೆ ಬಂದವನು ಡ್ರಾಯರಿನಿಂದ ಒಂದು ಬಿಳಿ ಚೀಟಿ ತೆಗೆದ. ಯಾರನ್ನೂ ಕೇಳದೆ, ಯಾರೂ ಬೆರಳಿಟ್ಟು ತೋರಿಸದೆ, ಬರೆದ. "ಆ ನಲವತ್ತಮೂರು ಫೈಲು ನನ್ನ ಸೀಟಿನದು. ನಾನು ಆಟಕ್ಕೆ ಹೋಗುತ್ತಿದ್ದೆ. ನನ್ನ ಕೆಲಸ ಸಂಜೀವಯ್ಯನವರು ಮಾಡುತ್ತಿದ್ದರು. ಅವರ ಮೇಲಿನ ಷರಾಕ್ಕೆ ನಾನು ಓದದೆ ಸಹಿ ಹಾಕಿದೆ." ನಾಲ್ಕು ಸಾಲು. ಬರೆದಾದ ಮೇಲೆ ಮೈ ಹಗುರಾಯಿತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವನು ಸ್ವಂತವಾಗಿ ಬರೆದ ಮೊದಲ ಟಿಪ್ಪಣಿ ಅದು. ಪರವಾಗಿಲ್ಲವೇ ಎಂದು ಎರಡು ಸಲ ಓದಿದ. ಎದೆ ಉಬ್ಬಿತು ಎಂದರೂ ತಪ್ಪಿಲ್ಲ. ಗೋಲು ಹೊಡೆದಾಗ ಆಗುತ್ತಿದ್ದ ಹಾಗೇ ಆಗಿ, ಕಣ್ಣು ತಾನಾಗಿ ಎತ್ತಿ ಸುತ್ತ ನೋಡಿತು, ಯಾರಾದರೂ ನೋಡಿದರೇ ಎಂದು. ಶಾಂತಾದೇವಿ ಟೈಪಿಸುತ್ತಿದ್ದಳು.

ಆಮೇಲೆ ಕಷ್ಟ ಶುರುವಾಯಿತು. ಚೀಟಿಯನ್ನು ಹಾಗೇ ಸಾಹೇಬರಿಗೆ ಕೊಡಲಾಗುತ್ತದೆಯೇ? ಮೇಲೆ ಏನೋ ನಂಬರು ಬರೆಯಬೇಕು, ವಿಷಯ, ಉಲ್ಲೇಖ ಎಂದೆಲ್ಲ ಬರೆಯಬೇಕು, ಯಾವುದೋ ರಿಜಿಸ್ಟರಿನಲ್ಲಿ ಏರಿಸಬೇಕು. ಹಾಗೇ ಕೊಟ್ಟರೆ ಸಾಹೇಬರು ನಕ್ಕಾರು. ಇಂಥದ್ದರಲ್ಲೂ ನಗೆಪಾಟಲಾಗುವುದು ಬೇಡ ಎನ್ನಿಸಿತು. ಈ ಕಚೇರಿಯಲ್ಲಿ ಅವನಿಗೆ ಇದನ್ನು ಬರೆದುಕೊಡುವವರು ಒಬ್ಬರೇ. ಬೇರೆ ಯಾರನ್ನು ಕೇಳಬೇಕೆಂದು ಹೊಳೆಯಲೂ ಇಲ್ಲ. ಹದಿಮೂರು ವರ್ಷದಲ್ಲಿ ಕಾಲು ಬೇರೆ ದಾರಿ ಕಲಿತಿರಲಿಲ್ಲ. ಮೂರೂವರೆಗೆ ಎದ್ದು ಹೋಗಿ ಚೀಟಿಯನ್ನು ಸಂಜೀವಯ್ಯನವರ ಮುಂದೆ, ಬುದ್ಧನ ಪಟದ ಮೇಲೆ ಇಟ್ಟ.

"ಇದನ್ನ ಸ್ವಲ್ಪ ಸರಿಯಾಗಿ ಬರ್ದುಕೊಡಿ. ಸಾಹೇಬ್ರಿಗೆ ಐದು ಗಂಟೆ ಒಳಗೆ ಕೊಡ್ಬೇಕು."

ಇಟ್ಟ ಮೇಲೆ, ತಾನು ಮಾಡಿದ್ದೇನು ಎಂದು ಗೊತ್ತಾಯಿತು. ಯಾರಿಗೆ ಅನ್ಯಾಯ ಮಾಡಿದ್ದನೋ ಅವರ ಕೈಯಲ್ಲೇ ತಪ್ಪೊಪ್ಪಿಗೆ ಬರೆಸಲು ಹೊರಟಿದ್ದ. ಚೀಟಿ ವಾಪಸು ಎತ್ತಿಕೊಳ್ಳಲು ಕೈ ಚಾಚುವಷ್ಟರಲ್ಲಿ ಸಂಜೀವಯ್ಯ ಕನ್ನಡಕ ಹಾಕಿಕೊಂಡು ಓದತೊಡಗಿದ್ದರು. ನಿಧಾನವಾಗಿ ಓದಿದರು. ಹೌದು, ನಿಧಾನವೇ.

"ಷರಾಕ್ಕೆ ಅಂತ ಬರಲ್ಲ ಸಾರ್, ಷರಾಗೆ," ಎಂದರು.

"ನಿಮಗೆ ಗೊತ್ತಿತ್ತಾ?"

"ಏನು ಸಾರ್?"

"ಸಹಿ ನಂದು ಅಂತ."

ಸಂಜೀವಯ್ಯ ಕನ್ನಡಕ ತೆಗೆದು ಪಂಚೆಯಂಥ ಅಗಲದ ಕರ್ಚೀಪಿನಿಂದ ಒರೆಸಿದರು. "ಗುರುತು ಹಾಕ್ದೋನು ನಾನೇ ಅಲ್ವಾ ಸಾರ್," ಎಂದರು. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟನ್ನು ಎಲ್ಲೋ ಮಡಚಿ ಇಟ್ಟು ಬಹಳ ದಿನವಾಗಿತ್ತು ಅಂತ ಕಾಣುತ್ತದೆ. "ನೀವು ಕೂತ್ಕೊಳ್ಳಿ. ಮಾಡ್ಕೊಡ್ತೀನಿ."

ಇವನು ಬಂದು ಕೂತ. ಅಲ್ಲಿಂದ ಅವರ ಬೆನ್ನು, ಬರೆಯುವ ಕೈಯ ಮೊಣಕೈ ಮಾತ್ರ ಕಾಣುತ್ತಿತ್ತು. ಮನೆಯಲ್ಲಿ ಹೆಂಡತಿ ಸತ್ಯಭಾಮಾ ಬೆಳಿಗ್ಗೆ, "ಇವತ್ತಾದ್ರೂ ಬೇಗ ಬರ್ತೀರಾ, ಸಾಯಂಕಾಲ ಬನಶಂಕರಿಗೆ ಹೋಗಿ ದೀಪ ಹಚ್ಚಿ ಬರೋಣ," ಎಂದಿದ್ದಳು. ಐದಕ್ಕೆ ಬಿಡುವ ಕೆಲಸ ಎಂಬುದು ಅವಳಿಗೂ ಹೊಸದು, ಅವಳಿಗೆ ಅದರಲ್ಲಿ ಸಂತೋಷವೇ ಇತ್ತು. ಅವಳಿಗೆ ಇದನ್ನು ಹೇಳುವುದು ಹೇಗೆ? ಇದು ಸಾಹೇಬರ ಕೈಗೆ ಹೋದ ಮೇಲೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಆಟಕ್ಕೆ ಹೋಗಿದ್ದೆ ಎಂದರೆ, ಪಂದ್ಯದ ದಿನಗಳಿಗೆ ರಜೆ ಉಂಟು. ಮಿಕ್ಕ ದಿನಗಳಲ್ಲಿ ಹತ್ತರಿಂದ ಐದು ಎಂದು ಪುಸ್ತಕದಲ್ಲಿ ಸಹಿ ಹಾಕಿದವರು ಯಾರು? ಆಡು ಎಂದು ಬಾಯಲ್ಲಿ ಹೇಳಿದವರು ರಿಟೈರಾದರು, ಕಾಗದದಲ್ಲಿ ಬರೆದುಕೊಟ್ಟವರಿಲ್ಲ. ಸೂಪರಿಂಟೆಂಡೆಂಟ್ ಎಂಬ ಹಲಗೆಯ ಹಿಂದೆ ಏನೂ ಬಾರದ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಹೆಡ್ ಆಫೀಸಿನವರೆಗೂ ಹೋಗುತ್ತದೆ. ರಾಮಪ್ರಸಾದ ಸಾಹೇಬರು ಮಗನಿಗೆ ಏನು ಹೇಳುತ್ತಾರೆ? ಈ ಯೋಚನೆ ಬಂದಾಗ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಸಂಜೀವಯ್ಯನವರ ಇಡೀ ನೌಕರಿ ತಕ್ಕಡಿಯಲ್ಲಿರುವಾಗ ತನಗೆ ಕಾಣದ ಯಾವನೋ ಒಬ್ಬ ಹುಡುಗನ ಕಣ್ಣಿನಲ್ಲಿ ತಾನು ಏನಾಗುತ್ತೇನೆ ಎಂಬ ಚಿಂತೆ. ಹೇಸಿಗೆಯಾಯಿತು, ಚಿಂತೆ ಹೋಗಲಿಲ್ಲ.

ನಾಲ್ಕೂ ಮುಕ್ಕಾಲಿಗೆ ಸಂಜೀವಯ್ಯ ಎದ್ದು ಬಂದರು. ಕೈಯಲ್ಲಿ ಎರಡು ಹಾಳೆಯಿತ್ತು. ಎರಡನ್ನೂ ಪಕ್ಕಪಕ್ಕ ಮೇಜಿನ ಮೇಲಿಟ್ಟು, ಗಾಳಿಗೆ ಹಾರದ ಹಾಗೆ ಒಂದರ ಮೇಲೆ ಅಂಟಿನ ಬಾಟಲಿ, ಒಂದರ ಮೇಲೆ ಪಿನ್ನಿನ ಡಬ್ಬಿ ಇಟ್ಟರು.

"ಎರಡು ಮಾಡಿದೀನಿ ಸಾರ್. ಇದು ನೀವು ಬರ್ದಿದ್ದು, ಹಂಗೇ ಇದೆ, ಆಫೀಸು ಭಾಷೆಗೆ ಹಾಕಿದೀನಿ ಅಷ್ಟೆ. ಇನ್ನೊಂದು, ಆಗ ಸೆಕ್ಷನ್‌ನಲ್ಲಿ ಸಿಬ್ಬಂದಿ ಕಮ್ಮಿ ಇದ್ರು, ಕೆಲಸ ಜಾಸ್ತಿ ಇತ್ತು ಅಂತ. ಇದ್ರಲ್ಲಿ ಯಾರ ಹೆಸರೂ ಬರಲ್ಲ."

"ಎರಡ್ಯಾಕೆ?"

"ಯಾವುದಾದ್ರೂ ಒಂದು ಬೇಕಲ್ಲ ಸಾರ್. ಇಷ್ಟು ದಿನ ನಾನೇ ನೋಡಿ ಇಡ್ತಿದ್ದೆ." ಪಿನ್ನಿನ ಡಬ್ಬಿಯನ್ನು ನೇರ ಮಾಡಿದರು. "ಇದನ್ನ ನಾನು ನೋಡೋದು ಸರಿ ಆಗಲ್ಲ." ಮೇಜಿನಿಂದ ತಮ್ಮ ಊಟದ ಡಬ್ಬಿ ಎತ್ತಿಕೊಂಡು ತೊಳೆಯಲು ನಲ್ಲಿಯ ಕಡೆ ಹೋದರು.

ತಿಮ್ಮರಾಯಪ್ಪ ಎರಡೂ ಹಾಳೆಯನ್ನು ಓದಿದ. ಪೂರ್ತಿ ಓದಿದ, ಮೇಲಿನ ನಂಬರಿನಿಂದ ಹಿಡಿದು. ಅದೇ ಗುಂಡಗಿನ ಅಕ್ಷರ. ಎಡಗಡೆಯ ಹಾಳೆಯಲ್ಲಿ ಅವನ ನಾಲ್ಕು ಸಾಲು ಹನ್ನೊಂದು ಸಾಲಾಗಿತ್ತು. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಡಿಮೆಯಿಲ್ಲ, ಮೆದುಗೊಳಿಸಿಯೂ ಇರಲಿಲ್ಲ. ಬಲಗಡೆಯದು ಆರೇ ಸಾಲು. ಎರಡರ ಕೆಳಗೂ ಪೆನ್ಸಿಲಿನ ಇಂಟು, ಒಂದೇ ಅಳತೆ, ಒಂದೇ ಒತ್ತು. ಯಾವುದಕ್ಕೂ ಸ್ವಲ್ಪವೂ ಪಕ್ಷಪಾತವಿಲ್ಲದ ಹಾಗೆ ಹಾಕಿದ್ದರು. ಬೋರಣ್ಣ ಯಾವತ್ತೂ ಹೀಗೆ ಮಾಡಿರಲಿಲ್ಲ. ಬೋರಣ್ಣ ಚೆಂಡನ್ನು ಒಂದೇ ಕಡೆ ತಳ್ಳುತ್ತಿದ್ದ, ಇವನು ಅಲ್ಲಿರುತ್ತಿದ್ದ. ಸಾಹೇಬರ ಮಾತು ಕಿವಿಯಲ್ಲೇ ಇತ್ತು, ಪುರಾಣ ಬರೆದರೆ ಷರಾ ಇದ್ದ ಹಾಗೇ ಇರುತ್ತದೆ. ನಲ್ಲಿಯ ನೀರು ಸ್ಟೀಲ್ ಡಬ್ಬಿಯೊಳಗೆ ಬೀಳುವ ಸದ್ದು ಕೇಳುತ್ತಿತ್ತು. ಸಂಜೀವಯ್ಯ ಬಹಳ ಹೊತ್ತು ತೊಳೆದರು. ಅಷ್ಟು ತೊಳೆಯುವಂಥ ಡಬ್ಬಿಯಲ್ಲ ಅದು. ಶಾಂತಾದೇವಿ ಟೈಪ್‌ರೈಟರಿಗೆ ಹೊದಿಕೆ ಹಾಕಿ, "ಬರ್ತೀನಿ ಸಾರ್," ಎಂದು ಹೋದಳು. ಪೆನ್ನು ಬಿಚ್ಚಿದ. ಎಡ ಹಾಳೆಯ ಮೇಲೆ ತಂದ. ಇಂಟಿನ ಮೇಲೆ ಪೆನ್ನಿನ ಮೊನೆ ಕೂದಲೆಳೆಯಷ್ಟು ದೂರದಲ್ಲಿ ನಿಂತಿತು. ಒಂದು ತಿ ಬರೆದರೆ ಮುಗಿಯಿತು, ಮಿಕ್ಕದ್ದು ಕೈ ತಾನಾಗಿ ಬರೆದುಕೊಳ್ಳುತ್ತದೆ. ಸಾಹೇಬರ ಕೋಣೆಯ ಬಾಗಿಲು ತೆರೆಯಿತು. "ಲೆಫ್ಟ್ ಔಟ್, ಆಯ್ತೇನ್ರೀ?" ಎಂದು ಅಲ್ಲಿಂದಲೇ ನಗುತ್ತ ಕೂಗಿದರು.

"ಆಯ್ತು ಸಾರ್," ಎಂದ. ಅಷ್ಟರಲ್ಲಿ ಬಲಗಡೆಯ ಹಾಳೆಗೆ ಸಹಿ ಹಾಕಿಬಿಟ್ಟಿದ್ದ.

ನಾಚಿಕೆಯೂ ಆಯಿತು, ನಿರಾಳವೂ ಆಯಿತು, ನಿರಾಳವೇ ಒಂದು ಗುಲಗಂಜಿ ಹೆಚ್ಚಾಯಿತು.

ಸಂಜೀವಯ್ಯ ಡಬ್ಬಿ ಒರೆಸುತ್ತ ಬಂದರು. ಮೇಜಿನ ಮೇಲೆ ನೋಡಿದರು. ಅವರ ಮುಖವನ್ನು ನೋಡಬೇಕೆಂದು ತಿಮ್ಮರಾಯಪ್ಪ ತಲೆ ಎತ್ತಿದ. ನೋಡಲಾಗಲಿಲ್ಲ, ಅವರ ಅಂಗಿಯ ಗುಂಡಿಯವರೆಗೆ ಮಾತ್ರ ನೋಡಿದ. ಅವರು ಡಬ್ಬಿಯನ್ನು ಚೀಲಕ್ಕೆ ಹಾಕಿ, ಜೇಬಿನಿಂದ ರಬ್ಬರ್ ತೆಗೆದು, ಸಹಿಯ ಪಕ್ಕದಲ್ಲಿ ಇಣುಕುತ್ತಿದ್ದ ಇಂಟನ್ನು ಅಳಿಸಿದರು. ಸಹಿಗೆ ತಾಕದ ಹಾಗೆ, ಎಂದಿನ ಹಾಗೆ. ಹಾಳೆಯನ್ನು ಫೈಲಿಗೆ ಸೇರಿಸಿ ದಾರ ಕಟ್ಟಿದರು. ಆಮೇಲೆ ಇನ್ನೊಂದು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಒಂದು ಬೆರಳಿನಿಂದ ಅದರ ಅಂಚನ್ನು ಒತ್ತಿ ಹಿಡಿದು, ಸಹಿಯಿಲ್ಲದ ಆ ಜಾಗದಲ್ಲಿದ್ದ ಇಂಟನ್ನೂ ಅಳಿಸಿದರು. ಗುರುತು ಪೂರ್ತಿ ಹೋಯಿತೇ ಎಂದು ಬೆಳಕಿಗೆ ಹಿಡಿದು ನೋಡಿ, ರಬ್ಬರಿನ ಪುಡಿಯನ್ನು ಊದಿದರು.

"ಐದಾಯ್ತು ಸಾರ್," ಎಂದರು. "ನೀವು ಹೊರಡಿ. ಸಾಹೇಬ್ರಿಗೆ ನಾನು ಕೊಡ್ತೀನಿ."